ನಡುವೆ ನಿಂತವರು

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ನಾವೀಗ ಹೆಚ್ಚಾಗಿ ಸರ್ಕಾರಿ ಕಚೇರಿಗಳ ಬಗ್ಗೆ ಆಡುತ್ತೇವೆ. ಮಂತ್ರಿ ಸಹಿ ಹಾಕಿದ ಕಡತ ಗುಮಾಸ್ತನ ಮೇಜಿನ ಮೇಲೆ ಕೂತಾಗ ಈ ಮಾತು ತಾನಾಗಿ ಬಾಯಿಗೆ ಬರುತ್ತದೆ. ಆದರೆ ಗಾದೆ ನಮ್ಮನ್ನು ನಿಲ್ಲಿಸುವುದು ಗುಡಿಯ ಬಾಗಿಲಲ್ಲಿ. ಒಳಗೆ ಕೊಡಲು ಸಿದ್ಧನಾದ ದೇವರು, ಹೊರಗೆ ಕೈಯೊಡ್ಡಿದ ಭಕ್ತ, ನಡುವೆ ಬೀಗದ ಕೈ ಹಿಡಿದವನು. ದೇವರ ಕರುಣೆಯ ಮೇಲೆ ಗಾದೆಗೆ ಸಂಶಯವಿಲ್ಲ. ಭಕ್ತನ ಯೋಗ್ಯತೆಯನ್ನೂ ಅದು ಕೆದಕುವುದಿಲ್ಲ. ಅದರ ದೂರೆಲ್ಲ ನಡುವೆ ನಿಂತವನ ಮೇಲೆ. ಕರ್ನಾಟಕದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳ ಇಂದಿನ ಸಂಕಟ ನನಗೆ ಅರ್ಥವಾಗುವುದು ಈ ಗಾದೆಯ ಮೂಲಕವೇ.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ನಡುವಿನವನನ್ನು ಒಪ್ಪದ ಪ್ರೊಟೆಸ್ಟಂಟ್ ಪರಂಪರೆಯವರು. ವಿಶ್ವಾಸಿಯೇ ವೇದಪುಸ್ತಕ ಓದಬೇಕು, ಅದು ಅವನ ಭಾಷೆಯಲ್ಲೇ ಇರಬೇಕು ಎಂದು ಶಾಲೆ ತೆರೆದರು, ಮುದ್ರಣಾಲಯ ಇಟ್ಟರು. ಆದರೆ ದೀಕ್ಷಾಸ್ನಾನ ಪಡೆದವರು ಜಾತಿಯಿಂದ, ಮನೆಯಿಂದ, ಕಸುಬಿನಿಂದ ಹೊರಬಿದ್ದಾಗ ಅವರ ಹೊಟ್ಟೆಪಾಡನ್ನೂ ಮಿಷನ್ ನೋಡಬೇಕಾಯಿತು. ನೇಯ್ಗೆಯ ಕಾರ್ಖಾನೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಬೋಧಿಸುವ ಮಿಷನ್ನೇ ಕೆಲಸವನ್ನೂ ಕೊಟ್ಟಿತು, ಇರಲು ನೆಲೆಯನ್ನೂ ಕೊಟ್ಟಿತು. ಕರುಣೆಯಿಂದಲೇ ಹುಟ್ಟಿದ ಏರ್ಪಾಡು ಅದು. ಆದರೂ ಬೀಗದ ಕೈ ಬೋಧಕರ ಸೊಂಟಕ್ಕೆ ಬಂದದ್ದು ಹಾಗೆಯೇ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಮಿಷನ್‌ಗಳು ಕಟ್ಟಿದ ಶಾಲೆ, ಆಸ್ಪತ್ರೆ, ಜಮೀನುಗಳ ಹೊಣೆ ಸಭೆಯ ಹೆಗಲೇರಿತು. ಇಂದಿನ ಸಭಾಪಾಲಕರ ಕೈಯಲ್ಲಿ ದೀಕ್ಷಾಸ್ನಾನದ ದಾಖಲೆಯಿದೆ, 1872ರ ಕಾಯ್ದೆಯಡಿ ಮದುವೆ ನೆರವೇರಿಸುವ ಅಧಿಕಾರವಿದೆ, ಸ್ಮಶಾನದ ಜಾಗದ ಮಾತಿದೆ. ವಂತಿಗೆ ಬಾಕಿಯೆಂದು ಮಣ್ಣಿಗೆ ತಡೆ ಒಡ್ಡುವ ಕಮಿಟಿ ಎಲ್ಲಿದ್ದರೂ ಗಾದೆ ಅಲ್ಲಿ ಅಕ್ಷರಶಃ ನಿಜವಾಗುತ್ತದೆ. ಸತ್ತವರ ಮನೆಯವರಿಗೆ ಆ ದಿನ ಬೇಕಾದದ್ದು ಲೆಕ್ಕದ ಪುಸ್ತಕವಲ್ಲ.

ಈಗ ಕಾಲ ಬದಲಾಗಿದೆ. 2020ರ ಏಪ್ರಿಲ್ 12ರ ಈಸ್ಟರ್‌ನಂದು ಕೋವಿಡ್ ಲಾಕ್‌ಡೌನಿನಿಂದ ದೇವಾಲಯಗಳ ಬಾಗಿಲು ಮುಚ್ಚಿತ್ತು. ಆರಾಧನೆ ಫೋನಿನೊಳಗೆ ಬಂತು. ಬಾಗಿಲು ತೆರೆದ ಮೇಲೂ ಫೋನು ಕೈಯಲ್ಲೇ ಉಳಿಯಿತು. ಯಾವ ಊರಿನ, ಯಾವ ಬೋಧಕರ ಪ್ರಸಂಗವನ್ನಾದರೂ ಈಗ ಅಡುಗೆಮನೆಯಲ್ಲೇ ಕೇಳಬಹುದು. ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳಿಗೆ ಸ್ವತಂತ್ರ ಸಭೆಗಳ ಗಿಟಾರು, ಡ್ರಮ್ಮು ಹಿಡಿಸಿವೆ. ತಮ್ಮ ಪ್ರಸಂಗಕ್ಕೆ ಬೆಲೆಯಿಲ್ಲವಾಯಿತೆಂದು ಕೊರಗುವ ಸಭಾಪಾಲಕರಿಗೆ ನಾನು ಹೇಳುವುದಿಷ್ಟೆ: ನಿಮ್ಮಿಂದ ಹೋದದ್ದು ಬೀಗದ ಕೈ ಮಾತ್ರ. ಮಕ್ಕಳೆಲ್ಲ ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು ಮಂಗಳೂರಿನ ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ತಾಯಿಯ ಪಕ್ಕ ಯಾವ ವೀಡಿಯೊ ಬಂದು ಕೂರುತ್ತದೆ? ಕುಡಿತಕ್ಕೆ ಬಿದ್ದ ಮಗನನ್ನು ಹುಡುಕಿಕೊಂಡು ರಾತ್ರಿ ಹೋಗುವವರು ಯಾರು? ಐಸಿಯುವಿನ ಹೊರಗೆ ಸಹಿಗಾಗಿ ಕಾಗದ ಮುಂದೆ ಬಂದಾಗ ಜೊತೆಗೆ ನಿಲ್ಲುವವರು ಯಾರು? ಅಲ್ಲಿ ಸಭಾಪಾಲಕರಿಗೆ ಪೈಪೋಟಿಯೇ ಇಲ್ಲ.

ಆದರೆ ಅದಕ್ಕೆ ಬಿಡುವೆಲ್ಲಿ? ವಾರ ಪೂರ್ತಿ ಕಮಿಟಿ, ಕಟ್ಟಡ, ಬಾಡಿಗೆ, ವಕೀಲರು. ಮೇಲ್ಮಟ್ಟದಲ್ಲೂ ಇದೇ ಕಥೆ. ಬಿಷಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ವಿವಾದ ನ್ಯಾಯಾಲಯ ಹತ್ತಿತು. 2024ರಲ್ಲಿ ಸಭೆಯ ಮೇಲಾಡಳಿತ ಮಂಡಳಿಯಾದ ಸಿನಡ್‌ನ ಚುನಾವಣೆಯ ಹೊಣೆಯನ್ನು ಮದ್ರಾಸ್ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿಗಳಿಗೆ ಒಪ್ಪಿಸಿತು. ಒಂದು ಸಭೆ ತನ್ನ ನಾಯಕರನ್ನು ಆರಿಸಲು ಹೊರಗಿನವರ ಕಾವಲು ಬೇಕಾಯಿತೆಂಬುದು ನನ್ನ ಎದೆಗೆ ನಾಟಿದೆ.

ಪೂಜಾರಿಯೊಬ್ಬನನ್ನೇ ಬಯ್ಯಲಾಗದ ಒಂದು ಕಡೆಯೂ ಉಂಟು. 1950ರ ಪರಿಶಿಷ್ಟ ಜಾತಿಗಳ ಆದೇಶದ ವ್ಯಾಪ್ತಿಗೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಹೊರಗೇ ಉಳಿದರು. ಹಳ್ಳಿಯ ಸಭಾಪಾಲಕರು ದಲಿತ ಹುಡುಗಿಯೊಬ್ಬಳ ಹೆಸರನ್ನು ದೀಕ್ಷಾಸ್ನಾನದ ಪುಸ್ತಕದಲ್ಲಿ ಬರೆದರೆ ಮೀಸಲಾತಿಯಲ್ಲಿ ಸಿಗುವ ಅವಳ ಕಾಲೇಜಿನ ಸೀಟೇ ಹೋಗಬಹುದು. ಇಲ್ಲಿ ವರ ತಡೆದು ನಿಂತದ್ದು ಸರ್ಕಾರ. ಹೆಸರು ಬರೆಸಲು ಹಿಂಜರಿಯುವ ಹುಡುಗಿಯ ವಿಶ್ವಾಸ ಸಡಿಲವೆಂದು ವೇದಿಕೆಯಿಂದ ಗದರುವ ಸಭಾಪಾಲಕರನ್ನು ನಾನು ಒಪ್ಪಲಾರೆ. ಅವಳ ಹಕ್ಕಿಗಾಗಿ ಅವಳೊಡನೆ ಬೀದಿಗಿಳಿಯುವುದು ಅವರ ಕೆಲಸ.

ಗಾದೆಯ ಪೂಜಾರಿ ಗಂಡಸು. ಸಿ.ಎಸ್.ಐ. 1976ರಲ್ಲೇ ಹೆಣ್ಣಿಗೆ ಗುರುದೀಕ್ಷೆ ಕೊಟ್ಟಿತು, 2013ರಲ್ಲಿ ಪುಷ್ಪ ಲಲಿತಾ ನಂದ್ಯಾಲದ ಬಿಷಪರಾದರು. ಇಷ್ಟಾದರೂ ವರ್ಗಾವಣೆಯ ಕಾಲಕ್ಕೆ ‘ನಮ್ಮ ಸಭೆಗೆ ಅಮ್ಮನವರು ಬೇಡ’ ಎನ್ನುವ ಹಿರಿಯರಿದ್ದಾರೆ. ಅಂಥ ಕಡೆ ತಡೆಯುವವರು ಸಭಿಕರೇ.

ಹಾಗಾಗಿ ನನ್ನ ಕೋರಿಕೆ ಸಭಾಪಾಲಕರು, ಸಭಿಕರು ಇಬ್ಬರಿಗೂ. ಆಸ್ತಿಯ ಲೆಕ್ಕ, ಬಾಡಿಗೆ, ವ್ಯಾಜ್ಯಗಳನ್ನು ಸಭಿಕರಲ್ಲೇ ಬಲ್ಲವರು ಹೊತ್ತುಕೊಳ್ಳಲಿ. ಆ ಲೆಕ್ಕವನ್ನು ಸಾಮಾನ್ಯ ಸಭೆಯಲ್ಲಿ ಎಲ್ಲರ ಮುಂದೆ ಓದಲಿ. ಸ್ಮಶಾನದ ಜಾಗಕ್ಕೂ ವಂತಿಗೆಗೂ ಸಂಬಂಧವಿಲ್ಲವೆಂದು ಪ್ರತಿ ಸಭೆಯೂ ಬರವಣಿಗೆಯಲ್ಲಿ ನಿರ್ಣಯ ಮಾಡಲಿ. ಉಳಿದ ಹೊತ್ತಿನಲ್ಲಿ ಸಭಾಪಾಲಕರು ಮನೆ ಮನೆಗೆ ಹೋಗಲಿ; ಮೊದಲು ವರ್ಷಗಳಿಂದ ದೇವಾಲಯದ ಕಡೆ ಬಾರದವರ ಮನೆಗೆ.