ಸಂಶಯದ ಋಣ

ಕಾರಣ ತಿಳಿದ ದುಃಖವನ್ನು ಮನುಷ್ಯ ಹೇಗೋ ಸಹಿಸಿಕೊಳ್ಳುತ್ತಾನೆ. ಕಾರಣ ತಿಳಿಯದ ದುಃಖ ಮಾತ್ರ ಅವನನ್ನು ಕೂರಗೊಡದು, ನಿಲ್ಲಗೊಡದು. ಕಾರಣ ಸಿಗದಿದ್ದರೆ ಒಂದು ಕಾರಣವನ್ನು ಅವನೇ ಕಟ್ಟಿಕೊಳ್ಳುತ್ತಾನೆ. ನೆಲದ ಮೇಲೆ ಅಪಘಾತವಾದರೆ ನೋಡಿದವರಿರುತ್ತಾರೆ, ಗುರುತು ಉಳಿಯುತ್ತದೆ, ಪಂಚನಾಮೆ ನಡೆಯುತ್ತದೆ. ಕಡಲಾದರೋ ಎಲ್ಲವನ್ನೂ ನುಂಗಿ ಮರುಗಳಿಗೆಯಲ್ಲೇ ಏನೂ ಅರಿಯದಂತೆ ಸುಮ್ಮನಾಗಿಬಿಡುತ್ತದೆ. ಮುಳುಗಿದ ಹಡಗುಗಳ ಸುತ್ತ ಒಳಸಂಚಿನ ಕಥೆಗಳು ಅಷ್ಟು ಸಲೀಸಾಗಿ ಬೆಳೆಯುವುದು ಇದಕ್ಕೇ ಇರಬೇಕು.

ಇಂಥ ಕಥೆಗಳನ್ನೆಲ್ಲ ಮೂಢರ ಹರಟೆ ಎಂದು ತಳ್ಳಿಹಾಕುವುದು ಸುಲಭ. ಸರಕಾರ ಹೇಳಿದ್ದೆಲ್ಲ ಸುಳ್ಳು ಎನ್ನುವುದೂ ಅಷ್ಟೇ ಸುಲಭ. ಕಷ್ಟವಾದದ್ದು ಈ ಎರಡರ ನಡುವಿನ ಪ್ರಶ್ನೆ: ಸಂಶಯಪಡುವುದು ಯಾವಾಗ ಕರ್ತವ್ಯ, ಯಾವಾಗ ಪಾಪ? ಪುಣೆಯಲ್ಲಿ ನೆಲೆಸಿದ ನಮಗೆ ಇದು ದೂರದ ಪ್ರಶ್ನೆಯಲ್ಲ. ನಾವು ಬಿಟ್ಟು ಬಂದ ನಾಡಿನ ಒಂದು ಬೋಟು ನಾವು ಬಂದು ಸೇರಿದ ನಾಡಿನ ಕಡಲಲ್ಲಿ ಮುಳುಗಿದ ಸಂಗತಿ ಇದು.

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ ಎಂಬ ಆಳಸಮುದ್ರ ಮೀನುಗಾರಿಕೆಯ ಬೋಟು ಹೊರಟಿತು. ಅದರಲ್ಲಿದ್ದವರು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ. ಎರಡು ದಿನಗಳಲ್ಲಿ ಅದರ ಸಂಪರ್ಕ ಕಡಿಯಿತು. ಹುಡುಕಾಟ ನಡೆಯಿತು, ಬೋಟು ಸಿಗಲಿಲ್ಲ, ಜನರೂ ಸಿಗಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದು ಪ್ರತಿಭಟಿಸಿದರು. ಪುಣೆಯ ಹೋಟೆಲುಗಳಲ್ಲಿ ದುಡಿಯುವ ಕರಾವಳಿಯ ಬಂಧುಗಳ ಬಾಯಲ್ಲೂ ಆಗ ಇದೇ ಮಾತು.

ಆ ತಿಂಗಳುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಸಂಶಯಗಳು ಓಡಾಡಿದವು. ಬೋಟನ್ನು ಯಾರೋ ಅಪಹರಿಸಿದ್ದಾರೆ, ಏಳೂ ಮಂದಿ ಎಲ್ಲೋ ಸೆರೆಯಲ್ಲಿದ್ದಾರೆ ಎಂಬುದು ಒಂದು. ನೌಕಾಪಡೆಯ ‘ಐಎನ್‌ಎಸ್ ಕೊಚ್ಚಿ’ ಹಡಗು ಬಡಿದು ಬೋಟು ಮುಳುಗಿದೆ, ಅದನ್ನು ಮುಚ್ಚಿಡಲಾಗುತ್ತಿದೆ ಎಂಬುದು ಇನ್ನೊಂದು. ಆ ಹಡಗಿನ ತಳಭಾಗಕ್ಕೆ ಅದೇ ದಿನಗಳಲ್ಲಿ ಹಾನಿಯಾಗಿತ್ತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿದ್ದೇ ಈ ಎರಡನೆಯ ಸಂಶಯಕ್ಕೆ ಆಧಾರ.

2019ರ ಮೇ ಆರಂಭದಲ್ಲಿ ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಹಡಗು ಬೋಟಿನ ಅವಶೇಷವನ್ನು ಪತ್ತೆಹಚ್ಚಿತು. ಅದು ಬಿದ್ದಿದ್ದುದು ಸಿಂಧುದುರ್ಗ ಜಿಲ್ಲೆಯ ಮಾಲ್ವಣ ತೀರದಿಂದ ಸುಮಾರು 33 ಕಿಲೋಮೀಟರ್ ಆಚೆ, ಸುಮಾರು 60 ಮೀಟರ್ ಆಳದಲ್ಲಿ. ಅಪಹರಣದ ಕಥೆ ಅಲ್ಲಿಗೆ ಮುಗಿಯಿತು. ಬೋಟು ಹೇಗೆ ಮುಳುಗಿತೆಂಬ ಮೀನುಗಾರರ ಪ್ರಶ್ನೆ ಮಾತ್ರ ಉಳಿಯಿತು. ಆ ಪ್ರಶ್ನೆಗೆ ತೀರ್ಪು ಕೊಡಲು ನಾವು ಅರ್ಹರಲ್ಲ. ಈ ಎರಡು ಸಂಶಯಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದೆ ಎಂಬುದಷ್ಟೇ ನಮ್ಮ ವಿಚಾರ.

ಎರಡನೆಯದು ಗೊತ್ತಾದ ಒಂದು ಸಂಗತಿಯ ಮೇಲೆ ನಿಂತಿತ್ತು. ಯಾರನ್ನು ಕೇಳಬೇಕು, ಏನನ್ನು ಪರೀಕ್ಷಿಸಬೇಕು ಎಂಬುದೂ ಅದರಲ್ಲೇ ಇತ್ತು: ಹಡಗಿನ ತಳ ನೋಡಿ, ದಿನಚರಿ ನೋಡಿ, ಬೋಟನ್ನು ಹುಡುಕಿಸಿ. ಹೌದೋ ಅಲ್ಲವೋ ಎಂದು ತಿಳಿಯುವ ದಾರಿ ಅದಕ್ಕಿತ್ತು. ಮೊದಲನೆಯದಕ್ಕೆ ಅಂಥ ದಾರಿಯಿರಲಿಲ್ಲ. ‘ಯಾರೋ’, ‘ಎಲ್ಲೋ’ ಎಂಬ ಎರಡು ಪದಗಳೇ ಅದರ ಬಂಡವಾಳ. ಆದರೂ ಮನೆಯವರ ಎದೆಯನ್ನು ಹೆಚ್ಚು ಹಿಂಡುವಂಥದ್ದು ಅದೇ ಅಲ್ಲವೆ? ಗಂಡ ಬದುಕಿದ್ದಾನೆಂದು ಯಾರೋ ಹೇಳಿದರೆ ಹೆಂಡತಿ ದಿನವೂ ಬಾಗಿಲು ನೋಡುತ್ತಾಳೆ. ಮಗ ಸೆರೆಯಲ್ಲಿದ್ದಾನೆಂದರೆ ತಾಯಿ ಹರಕೆ ಹೊರುತ್ತಾಳೆ. ಹೇಳಿದವನಿಗೆ ಅದು ಒಂದು ಗಳಿಗೆಯ ಮಾತು. ಕೇಳಿದವರಿಗೆ ತಿಂಗಳುಗಟ್ಟಲೆ ಶ್ರಾದ್ಧವೂ ಇಲ್ಲದ, ಬದುಕೂ ಅಲ್ಲದ ತ್ರಿಶಂಕು ಸ್ಥಿತಿ.

ಇನ್ನೊಂದು ಸಂಗತಿ. ‘ಯಾರೋ’ ಎಂಬ ಜಾಗ ಬಹಳ ದಿನ ಖಾಲಿ ಇರುವುದಿಲ್ಲ. ಅಲ್ಲಿ ಬಂದು ಕೂರುವವನು ಸಾಮಾನ್ಯವಾಗಿ ಪಕ್ಕದ ಊರಿನವನು, ಬೇರೆ ಭಾಷೆಯವನು, ಬೇರೆ ಜಾತಿಯವನು. ಮರಾಠಿ ನೆರೆಹೊರೆಯಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಗಾಳಿಮಾತು ಎನ್ನುತ್ತೇವೆ, ಅವರು ‘ಅಫವಾ’ ಎನ್ನುತ್ತಾರೆ, ಗಾಳಿ ಒಂದೇ. ಆ ದಡದವರೂ ಕಡಲಿಗೆ ತಮ್ಮವರನ್ನು ಕೊಟ್ಟವರೇ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್ ಕಡೆಗೆ ಹೊರಟ ‘ರಾಮದಾಸ’ ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು.

ದೂರದ ಒಂದು ಉದಾಹರಣೆಯನ್ನೂ ನೋಡೋಣ. 1912ರ ಏಪ್ರಿಲ್‌ನಲ್ಲಿ ಮುಳುಗಿದ ‘ಟೈಟಾನಿಕ್’ ನಿಜವಾಗಿ ಟೈಟಾನಿಕ್ ಅಲ್ಲವೇ ಅಲ್ಲ. 1911ರ ಸೆಪ್ಟೆಂಬರ್‌ನಲ್ಲಿ ಡಿಕ್ಕಿ ಹೊಡೆದುಕೊಂಡು ಜಖಂ ಆಗಿದ್ದ ಅದರ ಜೋಡಿ ಹಡಗು ‘ಒಲಿಂಪಿಕ್’ಗೆ ಹೆಸರು ಬದಲಿಸಿ, ವಿಮೆಯ ಹಣಕ್ಕಾಗಿ ಮುಳುಗಿಸಿದರು ಎಂದು ವಾದಿಸುವವರಿದ್ದಾರೆ. ಗುಮಾಸ್ತರಾದ ನಾವು ಮೊದಲು ಲೆಕ್ಕ ನೋಡುತ್ತೇವೆ. ಹಡಗು ಕಟ್ಟಲು ತಗಲಿದ್ದು ಸುಮಾರು 15 ಲಕ್ಷ ಪೌಂಡು, ವಿಮೆ ಇದ್ದದ್ದು 10 ಲಕ್ಷಕ್ಕೆ. ಐದು ಲಕ್ಷ ಕಳೆದುಕೊಳ್ಳಲು ಯಾರು ಸಂಚು ಹೂಡುತ್ತಾರೆ? ಬೆಲ್‌ಫಾಸ್ಟಿನ ಹಡಗುಕಟ್ಟೆಯ ಸಾವಿರಾರು ಕೆಲಸಗಾರರು ಸಾಯುವತನಕ ಬಾಯಿ ಮುಚ್ಚಿಕೊಂಡಿದ್ದರೆಂದೂ ನಂಬಬೇಕಾಗುತ್ತದೆ. ನಾಲ್ಕು ಜನರ ಕಚೇರಿಯಲ್ಲಿ ವರ್ಗಾವಣೆಯ ಸುದ್ದಿ ಮಧ್ಯಾಹ್ನದವರೆಗೆ ಗುಟ್ಟಾಗಿ ಉಳಿದದ್ದನ್ನು ನಾವು ಕಂಡಿಲ್ಲ. ಕಡಲ ತಳದಲ್ಲಿರುವ ಅವಶೇಷದ ಪ್ರೊಪೆಲ್ಲರಿನ ಮೇಲೆ ಟೈಟಾನಿಕ್‌ನ ಕಟ್ಟೆಸಂಖ್ಯೆ 401 ಕಂಡಿತು. ಅದಕ್ಕೆ ಸಿಕ್ಕ ಉತ್ತರ: ಆ ಪ್ರೊಪೆಲ್ಲರನ್ನೂ ಬದಲಿಸಿದ್ದರು! ಪ್ರತಿ ಸಾಕ್ಷ್ಯವೂ ಸಂಚಿನದೇ ಭಾಗವಾದ ಮೇಲೆ ಅದನ್ನು ಸಂಶಯವೆಂದು ಕರೆಯಲಾಗದು. ಅದು ಒಂದು ಮತವಾಗುತ್ತದೆ.

ಹಾಗೆಂದು ಅಧಿಕೃತ ವರದಿಯೇ ವೇದವಾಕ್ಯವೆಂದು ನಾವು ಹೇಳುತ್ತಿಲ್ಲ. ಟೈಟಾನಿಕ್ ಇಡಿಯಾಗಿಯೇ ಮುಳುಗಿತೆಂದು 1912ರ ಬ್ರಿಟಿಷ್ ವಿಚಾರಣೆ ತೀರ್ಮಾನಿಸಿತು. ಹಡಗು ಎರಡಾಗಿ ಮುರಿಯಿತೆಂದು ಬದುಕುಳಿದ ಕೆಲವರು ಹೇಳಿದ್ದರು. ಅವರ ಮಾತು ನಿಲ್ಲಲಿಲ್ಲ. 1985ರಲ್ಲಿ ಅವಶೇಷ ಸಿಕ್ಕಿತು. ಹಡಗು ಎರಡಾಗಿ ಮುರಿದಿತ್ತು. ವರದಿ ತಪ್ಪಿತ್ತು, ಕಣ್ಣಾರೆ ಕಂಡವರು ಸರಿಯಿದ್ದರು. ಇನ್ನೂ ಒಂದು ಸೋಜಿಗ: ಆ ಶೋಧಯಾತ್ರೆಯ ಹಿಂದೆ ನಿಜವಾಗಿಯೂ ಒಂದು ಗುಟ್ಟಿತ್ತು. ಮುಳುಗಿಹೋಗಿದ್ದ ತನ್ನ ಎರಡು ಪರಮಾಣು ಜಲಾಂತರ್ಗಾಮಿಗಳ ಅವಶೇಷಗಳನ್ನು ಪರೀಕ್ಷಿಸುವುದಕ್ಕಾಗಿ ಅಮೆರಿಕದ ನೌಕಾಪಡೆ ಅದಕ್ಕೆ ಹಣ ಕೊಟ್ಟಿತ್ತು. ಟೈಟಾನಿಕ್ ಹುಡುಕಾಟ ಅದಕ್ಕೊಂದು ಮರೆ. ಗುಟ್ಟು ಇತ್ತು, ಆದರೆ ಕಥೆ ಕಟ್ಟಿದವರು ಹೇಳಿದ ಗುಟ್ಟಲ್ಲ. ಸರಕಾರಗಳು ಮುಚ್ಚಿಡುವುದುಂಟು ಎಂಬ ಮಾತ್ರಕ್ಕೆ ನಾವು ಊಹಿಸಿದ್ದನ್ನೇ ಅವು ಮುಚ್ಚಿಟ್ಟಿವೆ ಎಂದಾಗುವುದಿಲ್ಲ.

ಸರಕಾರಿ ಕಚೇರಿಯ ಒಳಗೆ ಕೂತು ವರ್ಷಗಳನ್ನು ಕಳೆದ ನಮ್ಮಂಥವರು ಇಲ್ಲಿ ಒಂದು ಮಾತು ಹೇಳಲೇಬೇಕು. ಹೊರಗಿನವರಿಗೆ ಸಂಚಿನಂತೆ ಕಾಣುವುದು ಒಳಗೆ ಬಹುಪಾಲು ಸಂಚಲ್ಲ. ಯಾವುದೋ ಮೇಜಿನ ಮೇಲೆ ಮಲಗಿದ ಕಡತ, ಸಹಿಗೆ ಕಾದಿರುವ ಟಿಪ್ಪಣಿ, ‘ನಾನೇಕೆ ಮೊದಲು ಬಾಯಿ ಬಿಡಲಿ’ ಎಂಬ ಅಂಜಿಕೆ ಇವೇ ಹೆಚ್ಚು. ಆದರೆ ಇದು ಸಮಜಾಯಿಷಿಯಾಗಲಾರದು. ಮನೆಯವರು ಬಾಗಿಲಲ್ಲಿ ನಿಂತು ಕೇಳುತ್ತಿರುವಾಗ ‘ವಿಷಯ ಪರಿಶೀಲನೆಯಲ್ಲಿದೆ’ ಎಂದು ಬರೆದು ಕಳಿಸುವ ಕಚೇರಿ, ಗಾಳಿಮಾತಿಗೆ ತಾನೇ ಬಿತ್ತನೆ ಬೀಜ ಹಂಚಿದಂತೆ. ಗೊತ್ತಿದ್ದುದನ್ನು ಗೊತ್ತಾದ ದಿನವೇ ಹೇಳುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಅಧಿಕಾರಸ್ಥರ ಧರ್ಮ. ‘ನಿರೀಕ್ಷಕ್’ ಹುಡುಕಲು ಹೋದಾಗ ಮಲ್ಪೆಯ ಮೀನುಗಾರರನ್ನೂ ಜೊತೆಗೆ ಕರೆದೊಯ್ದಿತ್ತು. ಸಂಶಯಪಟ್ಟವರ ಕಣ್ಣೆದುರೇ ಹುಡುಕುವುದು ನೂರು ಪ್ರಕಟಣೆಗಳಿಗಿಂತ ಮೇಲು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಅದು ಸಂಶಯಕ್ಕೆ ಕೊಟ್ಟ ಅಪ್ಪಣೆಯೂ ಹೌದು, ಹಾಕಿದ ಕಟ್ಟಳೆಯೂ ಹೌದು. ಪ್ರಮಾಣಿಸಿ ನೋಡುವ ಕಷ್ಟ ಕಂಡವನದು, ಹೇಳುವವನದು, ಕೇಳುವವನದಲ್ಲ. ಸಂಶಯವೆಂಬುದು ಸಾಲವಿದ್ದಂತೆ ಎಂದು ನಮಗೆ ತೋರುತ್ತದೆ. ಇನ್ನೊಬ್ಬರ ಮಾನವನ್ನು, ನೊಂದವರ ನೆಮ್ಮದಿಯನ್ನು ಅಡವಿಟ್ಟು ಪಡೆಯುವ ಸಾಲ. ಅಗತ್ಯವಿದ್ದಾಗ ಪಡೆಯಬೇಕು; ಪಡೆಯದಿದ್ದರೆ ಅನ್ಯಾಯ ಬಯಲಿಗೆ ಬರುವುದೇ ಇಲ್ಲ. ಆದರೆ ಪಡೆಯುವಾಗಲೇ ತೀರಿಸುವ ಬಗೆಯನ್ನು ಹೇಳಬೇಕು: ‘ಇಂಥದು ಕಂಡರೆ ನನ್ನ ಸಂಶಯವನ್ನು ಹಿಂದಕ್ಕೆ ಪಡೆಯುತ್ತೇನೆ.’ ಹೀಗೆ ಹೇಳಬಲ್ಲವನು ಸತ್ಯದ ನೆರವಿಗೆ ನಿಂತವನು. ಏನು ಕಂಡರೂ ಹಿಂದಕ್ಕೆ ಪಡೆಯೆನೆನ್ನುವವನು ಸಾಲ ಎತ್ತಿ ಊರು ಬಿಟ್ಟವನು. ಅವನ ಸಾಲ ತೀರಿಸುವವರು ಬೇರೆಯವರು, ಬಹುಮಟ್ಟಿಗೆ ಸತ್ತವರ ಮನೆಯವರು.

ಇಂದು ಗಾಳಿಮಾತಿಗೆ ಕಾಲಿನ ಹಂಗೂ ಇಲ್ಲ. ಕೈಯಲ್ಲಿರುವ ಮೊಬೈಲಿನಿಂದ ಅದು ಊರಿನ ಬಳಗಕ್ಕೆ, ಅಲ್ಲಿಂದ ಕಡಲ ತೀರದ ಒಂದು ಮನೆಗೆ ನಿಮಿಷದಲ್ಲಿ ತಲುಪುತ್ತದೆ. ಊರಿಂದ ದೂರವಿರುವ ನಮಗೆ ಊರಿನ ಸುದ್ದಿಯ ಹಸಿವು ಹೆಚ್ಚು. ಆದ್ದರಿಂದ ನಮ್ಮ ಹೊಣೆಯೂ ಹೆಚ್ಚು. ಮುಂದಿನ ಸಲ ಅಂಥ ಒಂದು ಸುದ್ದಿ ನಮ್ಮ ಕೈಗೆ ಬಂದಾಗ ಇಷ್ಟು ಕೇಳಿಕೊಂಡರೆ ಸಾಕು: ಕಾಣೆಯಾದವನ ತಾಯಿಯ ಎದುರು ಕೂತು ಇದನ್ನು ಹೇಳಬಲ್ಲೆವೆ? ‘ನಿಮಗೆ ಹೇಗೆ ಗೊತ್ತು, ಅಣ್ಣಾ?’ ಎಂದು ಆಕೆ ಕೇಳಿದರೆ ಉತ್ತರವಿದೆಯೆ? ಇದ್ದರೆ ಹೆದರದೆ ಹೇಳೋಣ, ಎಷ್ಟು ದೊಡ್ಡವರ ವಿರುದ್ಧವಾದರೂ ಸರಿಯೆ. ಇಲ್ಲವಾದರೆ ಆ ಮಾತು ನಮ್ಮಲ್ಲಿಗೇ ನಿಲ್ಲಲಿ.