ದೋಷವನ್ನು ಮುಚ್ಚಿಡುವುದು ಕರುಣೆಯೇ?

ಸಪ್ತವ್ಯಸನಗಳಲ್ಲಿ ಮದ್ಯಪಾನವೂ ಒಂದು. ಸಮಂತಭದ್ರಾಚಾರ್ಯರು ಹೇಳಿದ ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗಕ್ಕೆ ಸ್ಥಾನವಿದೆ. ಇದನ್ನರಿಯದ ಜೈನ ಮನೆತನವಿಲ್ಲ. ಆದರೆ ಸ್ವತಃ ಮದ್ಯವನ್ನು ಮುಟ್ಟದವನು, ತನ್ನೊಡನೆ ದುಡಿಯುವ ಮತ್ತೊಬ್ಬನು ಮದ್ಯಕ್ಕೋ ಮಾದಕ ವಸ್ತುವಿಗೋ ವಶನಾಗಿರುವುದನ್ನು ಕಂಡಾಗ ಏನು ಮಾಡಬೇಕು? ಕಂಡೂ ಕಾಣದಂತಿರುವುದು ಕರುಣೆಯೇ? ಹಿರಿಯರಿಗೆ ತಿಳಿಸುವುದು ಚಾಡಿಯೇ? ತಾನು ತ್ಯಜಿಸುವ ಪ್ರಶ್ನೆಗಿಂತ ಈ ಪ್ರಶ್ನೆಯು ಹೆಚ್ಚು ಜಟಿಲವಾದುದು.

ವಿಶ್ವವಿದ್ಯಾಲಯದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಅದು ಸರಸ್ವತಿಯ ಮಂದಿರವಾದಂತೆ ನೂರಾರು ಜನರು ದುಡಿಯುವ ಸ್ಥಳವೂ ಹೌದು. ಪ್ರಯೋಗಶಾಲೆಯಲ್ಲಿ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವ ಈಥರ್, ತೀಕ್ಷ್ಣ ಆಮ್ಲಗಳು, ಅನಿಲದ ಸಿಲಿಂಡರುಗಳು. ಕಾರ್ಯಾಗಾರದಲ್ಲಿ ತಿರುಗುವ ಯಂತ್ರ. ವಿದ್ಯಾರ್ಥಿನಿಲಯದಲ್ಲಿ ಕುದಿಯುವ ಹಂಡೆ. ರಸ್ತೆಯಲ್ಲಿ ವಿದ್ಯಾರ್ಥಿಗಳನ್ನು ಹೊತ್ತ ಬಸ್ಸು. ಅಮಲು ಕೈಕಾಲಿನ ಹಿಡಿತವನ್ನು ಕೆಡಿಸುವುದಷ್ಟೇ ಅಲ್ಲ, ವಿವೇಚನೆಯನ್ನೂ ಕೆಡಿಸುತ್ತದೆ. ಆದ್ದರಿಂದಲೇ ಅಮಲೇರಿದವನಿಗೆ ತನ್ನ ಅಸಾಮರ್ಥ್ಯವೇ ತೋರದು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಅದರ ಮೂಲವಾಗಿ ಹಿಡಿದಿದ್ದಾರೆ. ಕೊಲ್ಲುವ ಇಚ್ಛೆಯಿಲ್ಲದಿದ್ದರೂ ಎಚ್ಚರಗೇಡಿತನವು ಹಿಂಸೆಗೆ ದಾರಿಯಾಗುತ್ತದೆ. ಮಾದಕವಾದರೋ ಪ್ರಮಾದವನ್ನು ಕೈಯಾರೆ ಬರಮಾಡಿಕೊಳ್ಳುವುದೇ ಆಗಿದೆ.

ಜೈನ ಮನೆತನಗಳ ಅನೇಕ ಯುವಕ ಯುವತಿಯರು ಓದುತ್ತಲೂ ದುಡಿಯುತ್ತಲೂ ಇರುವ ಅಮೆರಿಕದ ಏರ್ಪಾಡು ಈ ದಿಸೆಯಲ್ಲಿ ಗಮನಾರ್ಹವಾಗಿದೆ. ಅಲ್ಲಿ 1988ರಲ್ಲಿ ಆದ ಕಾನೂನಿನಂತೆ, ಕೇಂದ್ರ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳು ದುಡಿಮೆಯ ಸ್ಥಳದಲ್ಲಿ ಮಾದಕ ವಸ್ತುಗಳನ್ನು ನಿಷೇಧಿಸುವ ನಿಯಮವನ್ನು ಬರೆದು ಪ್ರಕಟಿಸಬೇಕು. ಅಲ್ಲಿಯೇ ಎಸಗಿದ ಇಂತಹ ಅಪರಾಧಕ್ಕಾಗಿ ನೌಕರನಿಗೆ ಶಿಕ್ಷೆಯಾದರೆ ಆತನು 5 ದಿನಗಳೊಳಗೆ ಸಂಸ್ಥೆಗೆ ತಿಳಿಸಬೇಕು. ಸಂಸ್ಥೆಯು 30 ದಿನಗಳೊಳಗೆ ಶಿಸ್ತಿನ ಕ್ರಮವನ್ನು ಕೈಗೊಳ್ಳಬೇಕು, ಇಲ್ಲವೇ ಆತನು ಚಿಕಿತ್ಸೆಗೆ ಸೇರುವಂತೆ ವಿಧಿಸಬೇಕು. 1989ರ ಇನ್ನೊಂದು ಕಾನೂನು ಮದ್ಯವನ್ನೂ ಸೇರಿಸಿಕೊಂಡು, ಅದರ ಅಪಾಯಗಳನ್ನೂ ಚಿಕಿತ್ಸೆ ದೊರೆಯುವ ಸ್ಥಳಗಳನ್ನೂ ವಿದ್ಯಾರ್ಥಿಗಳಿಗೂ ನೌಕರರಿಗೂ ಪ್ರತಿವರ್ಷ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತು. ದಂಡದ ಪಕ್ಕದಲ್ಲಿಯೇ ಚಿಕಿತ್ಸೆಯ ಬಾಗಿಲನ್ನು ತೆರೆದಿಟ್ಟಿರುವುದು ಇಲ್ಲಿನ ವಿಶೇಷ.

ಆದರೆ ಯಾವ ಕಾನೂನೂ ಸಹೋದ್ಯೋಗಿಯ ಅಂತರಂಗವನ್ನು ಪ್ರವೇಶಿಸಲಾರದು. ಅಲ್ಲಿ ಮಾತನಾಡಬೇಕಾದುದು ಧರ್ಮ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದಲ್ಲವೇ, ಪರರ ದೋಷವನ್ನು ಮುಚ್ಚಬೇಕಲ್ಲವೇ ಎಂದು ಕೆಲವರು ಕೇಳುವುದುಂಟು. ಉಪಗೂಹನಕ್ಕೆ ದೃಷ್ಟಾಂತವಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಪೂರ್ತಿಯಾಗಿ ನೆನೆಯುವುದು ಒಳಿತು. ಬ್ರಹ್ಮಚಾರಿಯ ವೇಷದಲ್ಲಿ ಬಂದು ಬಸದಿಯ ರತ್ನವನ್ನು ಕದ್ದವನನ್ನು ಕಾವಲುಗಾರರು ಹಿಡಿದಾಗ, ತನ್ನ ಅಪ್ಪಣೆಯಂತೆಯೇ ಆತನು ರತ್ನವನ್ನು ತಂದನೆಂದು ಹೇಳಿ ಶ್ರೇಷ್ಠಿಯು ಧರ್ಮದ ಹೆಸರನ್ನು ಕಾಪಾಡಿದನು. ಅನಂತರ ಅದೇ ರಾತ್ರಿ ಆ ಕಪಟಿಯನ್ನು ಹೊರಗಟ್ಟಿದನು. ಶ್ರೇಷ್ಠಿಯು ಮುಚ್ಚಿದ್ದು ಅಪಕೀರ್ತಿಯನ್ನು. ಬಸದಿಯ ಬೀಗದ ಕೈಯನ್ನು ಮತ್ತೆ ಕಳ್ಳನ ಕೈಗೆ ಕೊಡಲಿಲ್ಲ.

ಉಪಗೂಹನದ ಬೆನ್ನಿಗೇ ಆಚಾರ್ಯರು ಸ್ಥಿತಿಕರಣವನ್ನು ಹೇಳಿದ್ದಾರೆ. ಚಂಚಲನಾದ ಪುಷ್ಪಡಾಲನನ್ನು ವಾರಿಷೇಣನು ಸಭೆಯಲ್ಲಿ ಹಳಿಯಲಿಲ್ಲ. ಹಾಗೆಂದು ಸುಮ್ಮನೆ ಬಿಡಲೂ ಇಲ್ಲ. ಜೊತೆಗೆ ನಡೆದು ದಾರಿಗೆ ತಂದನು. ಸ್ಥಿತಿಕರಣವಿಲ್ಲದ ಉಪಗೂಹನವು ಅರ್ಧ ಧರ್ಮ. ಕುಡಿದು ಬಂದವನ ಬದಲಿಗೆ ಹಾಜರಿ ಹಾಕುವುದು, ಆತನ ಕೆಲಸವನ್ನು ತಾನೇ ಮುಗಿಸಿಕೊಡುವುದು, ಮನೆಯವರಿಗೆ ಸುಳ್ಳು ಹೇಳುವುದು ಇವೆಲ್ಲ ಮೇಲ್ನೋಟಕ್ಕೆ ಉಪಕಾರವೆನಿಸುತ್ತವೆ. ನಿಜವಾಗಿ ಇವು ವ್ಯಸನದ ಖಾತೆಗೆ ಸಾಲ ಬರೆದಂತೆ. ಬಡ್ಡಿಯನ್ನು ತೆರುವವರು ಆತನ ಹೆಂಡತಿ ಮಕ್ಕಳು, ಒಮ್ಮೊಮ್ಮೆ ಪಕ್ಕದ ಮೇಜಿನಲ್ಲಿ ನಿಂತ ಅಮಾಯಕ ವಿದ್ಯಾರ್ಥಿ.

ಹಾಗೆಂದು ಊಹೆಯ ಮೇಲೆ ದೂರುವುದೂ ಸಲ್ಲದು. ಕೈ ನಡುಗುವುದು, ತೊದಲುವುದು ಬೇರೆ ರೋಗಗಳಲ್ಲಿಯೂ ಉಂಟು. ಸಕ್ಕರೆ ರೋಗದವನಿಗೆ ರಕ್ತದಲ್ಲಿ ಸಕ್ಕರೆಯ ಅಂಶ ಇಳಿದಾಗಲೂ ಹಾಗಾಗಬಹುದು. ಕಂಡದ್ದನ್ನಷ್ಟೇ ಹೇಳಬೇಕು, ಹೊಣೆಯಿರುವವರಿಗಷ್ಟೇ ಹೇಳಬೇಕು. ಅಪಾಯವು ಎದುರಿಗಿದ್ದರೆ ಮೊದಲು ಆತನನ್ನು ಯಂತ್ರದಿಂದ, ಬೆಂಕಿಯಿಂದ, ವಾಹನದಿಂದ ದೂರ ಮಾಡಬೇಕು, ಒಂಟಿಯಾಗಿ ಬಿಡಬಾರದು. ಬಹುಕಾಲ ವಿಪರೀತವಾಗಿ ಕುಡಿದವನನ್ನು ಹಠಾತ್ತನೆ ನಿಲ್ಲಿಸುವಂತೆ ಬಲವಂತ ಮಾಡಿದರೆ ಅಪಸ್ಮಾರದಂತಹ ಸೆಳವು, ಚಿತ್ತಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆಣೆ ಪ್ರಮಾಣ ಮಾಡಿಸುವ ಮುನ್ನ ವೈದ್ಯರಲ್ಲಿಗೆ ಕರೆದೊಯ್ಯುವುದೇ ನಿಜವಾದ ದಯೆ. ನಮ್ಮ ದೇಶದ 1985ರ ಮಾದಕ ವಸ್ತುಗಳ ಕಾಯಿದೆಯ 64ಎ ಕಲಮು ಕೂಡ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧದಲ್ಲಿ ಸಿಲುಕಿದ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಯನ್ನು ಪೂರೈಸಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ.

ಕರ್ನಾಟಕದಲ್ಲಿ ಜೈನ ಸಮಾಜವು ನಡೆಸುವ ವಿದ್ಯಾಸಂಸ್ಥೆಗಳು ಅನೇಕವಿವೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಹಳ್ಳಿಹಳ್ಳಿಗಳಲ್ಲಿ ನಡೆದಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ. ಹೀಗಿರುವಾಗ ಪ್ರತಿಯೊಂದು ಟ್ರಸ್ಟೂ ತನ್ನ ಶಾಲೆ, ಕಾಲೇಜು, ಛತ್ರ, ಭೋಜನಶಾಲೆಗಳಿಗೆ ಒಂದು ಲಿಖಿತ ನಿಯಮವನ್ನು ಮಾಡಿಕೊಳ್ಳುವುದು ಅವಶ್ಯ: ಅಮಲಿನಲ್ಲಿ ಬಂದವನಿಗೆ ಅಂದು ಅಪಾಯದ ಕೆಲಸವಿಲ್ಲ, ಚಿಕಿತ್ಸೆಗೆ ಒಪ್ಪಿದವನಿಗೆ ರಜೆಯೂ ಮರಳಿ ಸ್ಥಾನವೂ ಉಂಟು, ಆತನ ಹೆಸರು ಬೀದಿಯ ಮಾತಾಗಕೂಡದು. ಚಿಕಿತ್ಸೆಯನ್ನು ನಿರಾಕರಿಸಿ ಪರರ ಪ್ರಾಣವನ್ನು ಪಣಕ್ಕಿಡುವವನನ್ನು ಆ ಸ್ಥಾನದಲ್ಲಿ ಉಳಿಸಿಕೊಳ್ಳುವಂತಿಲ್ಲ.

ದೋಷಿಯ ಮಾನವನ್ನು ಕಾಯಬೇಕು, ದೋಷವನ್ನು ಕಾಯಬಾರದು. ಈ ಎರಡರ ಅಂತರವನ್ನು ಅರಿತು ನಡೆಯುವುದರಲ್ಲಿಯೇ ಶ್ರಾವಕನ ಅಹಿಂಸೆಯು ದುಡಿಮೆಯ ಸ್ಥಳದಲ್ಲಿಯೂ ಸಾರ್ಥಕವಾಗುತ್ತದೆ.