ಕ್ರಿಸ್ತಜಯಂತಿಯೂ ಗರ್ಭಸ್ಥ ಶಿಶುವೂ

ಹುಟ್ಟಿದ ಮಗುವಿಗಾಗಿ ಹಬ್ಬ ಮಾಡುವದು ಒಂದು. ಇನ್ನೂ ಹುಟ್ಟದ ಮಗುವನ್ನು ಒಡಲಲ್ಲಿಟ್ಟುಕೊಂಡು ಆ ಹಬ್ಬವನ್ನು ಆಚರಿಸುವದು ಮತ್ತೊಂದು. ಡಿಸೆಂಬರ ತಿಂಗಳಲ್ಲಿ, ಹೊಲದ ತೊಗರಿಯು ಕೊಯ್ಲಿಗೆ ಬರುವ ಚಳಿಯ ದಿನಗಳಲ್ಲಿ, ಬೀದರ, ಭಾಲ್ಕಿ, ಔರಾದಗಳ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರದಾಕಾರದ ದೀಪಗಳು ತೂಗುತ್ತವೆ. ಆ ದೀಪದ ಕೆಳಗೆ ತುಂಬು ಬಸುರಿಯೊಬ್ಬಳು ಕುಳಿತಿದ್ದರೆ ಹಬ್ಬದ ಅರ್ಥವು ಅವಳಿಗೆ ಬೇರೆಯೇ ಆಗಿರುತ್ತದೆ. ಉಳಿದವರ ಪಾಲಿಗೆ ಕೂಸು ಹುಟ್ಟಿ ಎರಡು ಸಾವಿರ ವರುಷಗಳಾದವು. ಅವಳ ಪಾಲಿಗಾದರೋ ಅದು ಇನ್ನೂ ಹುಟ್ಟಬೇಕಾಗಿದೆ.

ಸುಶ್ರುತನು ನಾಲ್ಕನೆಯ ತಿಂಗಳಿನ ಗರ್ಭಿಣಿಯನ್ನು ದೌಹೃದಿನಿ, ಅಂದರೆ ಎರಡು ಹೃದಯಗಳುಳ್ಳವಳು, ಎಂದು ಕರೆದಿದ್ದಾನೆ. ಅವಳ ಬಯಕೆಯು ಅವಳೊಬ್ಬಳದೇ ಅಲ್ಲ, ಒಳಗಿರುವವನದೂ ಹೌದೆಂಬುದು ಆತನ ಅಭಿಪ್ರಾಯ. (ಬಸುರಿಯ ಬಯಕೆಯನ್ನು ನಗೆಯ ವಿಷಯವಾಗಿ ಮಾಡಿಕೊಂಡವರು ಈ ಮಾತನ್ನು ನೆನೆಯುವದು ಒಳ್ಳೆಯದು.) ಈ ಎರಡನೆಯ ಹೃದಯವು ಯಾರದು? ಹೆತ್ತವರ ಸೊತ್ತೋ, ಬರಲಿರುವ ಅತಿಥಿಯದೋ? ಬರುವ ತಿಥಿಯು ಗೊತ್ತಿಲ್ಲದವನೇ ಅತಿಥಿಯೆಂದು ಹಿರಿಯರು ಆ ಶಬ್ದವನ್ನು ಬಿಡಿಸಿ ಹೇಳುತ್ತಾರಷ್ಟೆ. ಹಾಗಿದ್ದರೆ ಗರ್ಭಸ್ಥ ಶಿಶುವಿಗಿಂತ ನಿಜವಾದ ಅತಿಥಿ ಮತ್ತಾರು? ಆದರೆ ಲೋಕದಲ್ಲಿ ಹೆತ್ತವರು ಅವನನ್ನು ಅತಿಥಿಯಾಗಿ ಕಾಯುವದು ವಿರಳ. ಪುನ್ನಾಮ ನರಕದಿಂದ ಪಾರುಮಾಡುವವನೇ ಪುತ್ರನೆಂದು ನಮ್ಮ ಸ್ಮೃತಿಕಾರರೇ ಅವನು ಹುಟ್ಟುವ ಮೊದಲೇ ಅವನಿಗೆ ಕೆಲಸವನ್ನು ಗೊತ್ತುಮಾಡಿಬಿಟ್ಟರು. ದಶರಥನು ಕುಲಕ್ಕಾಗಿ ಯಾಗಮಾಡಿ ಮಗನನ್ನು ಪಡೆದನು. ವಿಶ್ವಾಮಿತ್ರನು ಬಂದು ಆ ಮಗನನ್ನು ಬೇಡಿದಾಗ ನಡುಗಿದನು.

ಕ್ರಿಸ್ತಜನನದ ಕಥೆಯಲ್ಲಿ ಹೆತ್ತವರಿಗೆ ಇಂಥ ಒಡೆತನವು ಮೊದಲಿನಿಂದಲೂ ಇಲ್ಲ. ಮರಿಯಳು ಕೂಸನ್ನು ದೇವಾಲಯಕ್ಕೆ ಕೊಂಡೊಯ್ದಾಗ ಮುದುಕನಾದ ಸಿಮೆಯೋನನು ಹರಸುತ್ತಲೇ, ಅವಳ ಪ್ರಾಣವನ್ನೂ ಅಲಗು ತಿವಿಯುವದೆಂದು ತಿಳಿಸುತ್ತಾನೆ. ಬಾಣಂತಿಗೆ ಹೇಳುವ ಮಾತೇ ಇದು? ಆದರೂ ಲೂಕನು ಅದನ್ನು ಮರೆಮಾಚಲಿಲ್ಲ. ಯೋಸೇಫನ ಸ್ಥಿತಿಯು ಇನ್ನೂ ವಿಚಾರಾರ್ಹವಾದದ್ದು. ಮತ್ತಾಯನು ದಾವೀದನ ವಂಶಾವಳಿಯನ್ನು ತಲೆಮಾರು ತಲೆಮಾರಾಗಿ ಎಣಿಸಿ ಯೋಸೇಫನವರೆಗೆ ತರುತ್ತಾನೆ; ಆ ಮೇಲೆ ಕೂಸು ಅವನಿಂದ ಹುಟ್ಟಿದ್ದಲ್ಲವೆನ್ನುತ್ತಾನೆ. ಅಂದಮೇಲೆ ಆ ಕುಲವು ಯೇಸುವಿಗೆ ರಕ್ತದಿಂದ ಬಂದದ್ದಲ್ಲ. ಒಬ್ಬ ಬಡಗಿಯು ಕೂಸನ್ನು ತನ್ನದೆಂದು ಒಪ್ಪಿಕೊಂಡದ್ದರಿಂದ ಬಂದದ್ದು.

ಬೀದರ ಸೀಮೆಯ ಕ್ರೈಸ್ತ ತಂದೆಗೆ ಈ ಕುಲದ ಮಾತು ಕೇವಲ ಪುರಾಣವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೇರಿಕದ ಮೆಥೊಡಿಸ್ಟ ಮಿಶನ್ನಿನವರು ಈ ಕಡೆಗೆ ಬಂದರು. ಆಗ ಇದು ನಿಜಾಮನ ರಾಜ್ಯ. ಅವರ ಬೋಧೆಗೆ ಕಿವಿಗೊಟ್ಟವರಲ್ಲಿ ಬಹುಜನರು ಊರ ಹೊರಗಿನ ಕೇರಿಗಳವರು. ಛತ್ರದಲ್ಲಿ ಸ್ಥಳವಿಲ್ಲದೆ ಕೂಸನ್ನು ಗೋದಲಿಯಲ್ಲಿ ಮಲಗಿಸಿದ ಕಥೆಯನ್ನು ಅವರಿಗೆ ವಿವರಿಸಿ ಹೇಳಬೇಕಾದ ಕಾರಣವಿರಲಿಲ್ಲ. ಮುಂದೆ ನಿಜಾಮಶಾಹಿಯು 1948ರಲ್ಲಿ ಕೊನೆಗೊಂಡಿತು. 1950ರಲ್ಲಿ ಹೊರಟ ರಾಷ್ಟ್ರಪತಿಗಳ ಆಜ್ಞೆಯು ಪರಿಶಿಷ್ಟ ಜಾತಿಯವರ ಸವಲತ್ತುಗಳನ್ನು ಧರ್ಮಕ್ಕೆ ಕಟ್ಟಿಹಾಕಿತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ಆದ್ದರಿಂದ ಹುಟ್ಟಲಿರುವ ಕೂಸಿನ ಹೆಸರಿನ ಮುಂದೆ ಏನನ್ನು ಬರೆಯಿಸಬೇಕೆಂಬ ಪ್ರಶ್ನೆಯು ತೊಟ್ಟಿಲಿಗಿಂತ ಮೊದಲೇ ಕೆಲವು ಮನೆಗಳನ್ನು ಹೊಗುತ್ತದೆ. ಅಜ್ಜನ ಜಾತಿಯನ್ನು ಬರೆಯಿಸಿದರೆ ವಿದ್ಯೆಗೂ ಉದ್ಯೋಗಕ್ಕೂ ಆಸರೆ. ದೀಕ್ಷಾಸ್ನಾನದ ಹೆಸರನ್ನು ಬರೆಯಿಸಿದರೆ ಅದಿಲ್ಲ.

ಇಂಥವರಿಗೆ ಸತ್ಯದ ಉಪದೇಶ ಮಾಡುವದು ಹೊಟ್ಟೆ ತುಂಬಿದವರಿಗೆ ಸುಲಭ. ಮರೆಮಾಚಿ ಬರೆಯಿಸಿದ ತಂದೆಯು ಮಗುವಿನ ಅನ್ನವನ್ನು ನೆನೆದನು. ಇದ್ದದ್ದನ್ನೇ ಬರೆಯಿಸಿದವನು ಅದರ ಮಾನವನ್ನು ನೆನೆದನು. ಇವರಲ್ಲಿ ಯಾರನ್ನೂ ನಿಂದಿಸಲಾಗದು. ಆದರೆ ಒಂದು ಮಾತುಂಟು. ತನ್ನ ನಂಬಿಕೆಗಾಗಿ ಕಷ್ಟಪಡುವದು ತಂದೆಯ ಸ್ವಾತಂತ್ರ್ಯ. ಇಲ್ಲಿ ಕಷ್ಟವು ಮಗುವಿನದು, ವ್ರತವು ತಂದೆಯದು. ಹಾಗೆಯೇ ಮರೆಮಾಚಿದಾಗ ಲಾಭವು ಮಗುವಿನದಾದರೂ, ಎರಡು ಹೆಸರುಗಳನ್ನು ಹೊತ್ತು ನಡೆಯುವ ಭಾರವೂ ಅದರದೇ. ಎತ್ತ ಹೋದರೂ ಕೇಳದೆಯೇ ಅತಿಥಿಯ ಹೆಗಲ ಮೇಲೆ ಏನನ್ನೋ ಹೊರಿಸಿದಂತಾಗುತ್ತದೆ. ಇದನ್ನು ಅರಿತು ಅಂಜಿದ ತಂದೆಯು, ಯಾವ ಹೆಸರನ್ನೇ ಬರೆಯಿಸಲಿ, ಮಗು ದೊಡ್ಡದಾಗಿ ಅದನ್ನು ಅಳಿಸಹೊರಟರೆ ಸಿಟ್ಟಾಗನು. ಅರಿಯದವನು ಎರಡು ಪಕ್ಷದಲ್ಲಿಯೂ ದಶರಥನೇ.

ಯೋಸೇಫನೂ ಬಸುರಿ ಹೆಂಡತಿಯೊಡನೆ ಬೇತ್ಲೆಹೇಮಿಗೆ ಹೊರಟದ್ದು ಹಬ್ಬಕ್ಕಲ್ಲ. ಚಕ್ರವರ್ತಿಯ ಖಾನೇಷುಮಾರಿಯಲ್ಲಿ ಹೆಸರು ಬರೆಯಿಸಲಿಕ್ಕೆ. ಅಲ್ಲಿರುವಾಗಲೇ ಅವಳಿಗೆ ದಿನ ತುಂಬಿತು. ಕುರುಬರು ಬಂದದ್ದನ್ನೂ, ಗೋದಲಿಯನ್ನೂ, ಸುತ್ತಿದ ಬಟ್ಟೆಯನ್ನೂ ಲೂಕನು ಬಿಡದೆ ಹೇಳಿದ್ದಾನೆ. ಲೆಕ್ಕದವನ ಎದುರಿಗೆ ಯೋಸೇಫನು ಆ ಕೂಸನ್ನು ಯಾರ ಮಗನೆಂದು ಬರೆಯಿಸಿದನೋ ಅದನ್ನು ಮಾತ್ರ ಹೇಳಿಲ್ಲ.